ಆರನೆಯ ದಿನಕ್ಕೆ ಮೊದಲೇ ತಲುಪಬೇಕಾದ ಬರಹ

ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆಗಳು ತೆರೆದ ಬಳಿಕ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುತ್ತದೆ. ಆ ವರ್ಷ ಎಷ್ಟು ಡಿವಿಷನ್‌ಗಳಿರಬೇಕು, ಎಷ್ಟು ಅಧ್ಯಾಪಕ ಹುದ್ದೆಗಳು ಉಳಿಯಬೇಕು ಎಂಬುದು ಈ ಲೆಕ್ಕವನ್ನು ಆಧರಿಸಿ ನಿರ್ಧಾರವಾಗುತ್ತದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೆಲವೇ ಮಕ್ಕಳ ಕೊರತೆಯೂ ಒಂದು ಹುದ್ದೆಯ ನಷ್ಟಕ್ಕೆ ಕಾರಣವಾಗಬಲ್ಲದು. ಹೀಗಿದ್ದರೂ ನಮ್ಮ ಶಾಲೆಗಳ ಕುರಿತ ಬರಹಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹುದ್ದೆ ಕೈತಪ್ಪಿದ ಮೇಲೆ. ಆಗ ಬರುವ ಬರಹ ಸಂತಾಪ ಸೂಚಿಸಬಲ್ಲದೇ ಹೊರತು ಲೆಕ್ಕವನ್ನು ಬದಲಿಸಲಾರದು.

ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ 2017ರಲ್ಲಿ ಬಂದಾಗಲೂ, 2025ರ ಅಕ್ಟೋಬರ್‌ನಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದ ಬಳಿಕವೂ ಗಡಿನಾಡಿನಲ್ಲಿ ಕಳವಳ ವ್ಯಕ್ತವಾಯಿತು. ಆ ಕಳವಳ ನ್ಯಾಯವಾದುದೇ. ಆದರೆ ಮಸೂದೆಯಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆಯಿದೆ ಎಂದು ಸರಕಾರ ಹೇಳುವಾಗ, ಕನ್ನಡಕ್ಕೆ ಕುತ್ತು ಬಂತೆಂಬ ಒಂದು ಸಾಲಿನ ಸಂದೇಶ ಅದಕ್ಕೆ ಉತ್ತರವಾಗದು. ಯಾವ ಕಲಮು ಏನು ಹೇಳುತ್ತದೆ, ಐದನೆಯ ತರಗತಿಯ ಮಗುವಿನ ವೇಳಾಪಟ್ಟಿಯಲ್ಲಿ ಅದರಿಂದ ಏನು ಬದಲಾಗಬಹುದು, ಕೊಟ್ಟ ಭರವಸೆ ನಿಯಮಗಳಲ್ಲಿ ಹೇಗೆ ನಮೂದಾಗಬೇಕು ಎಂದು ಬಿಡಿಸಿ ಕೇಳಿದ ಬರಹಕ್ಕೆ ಅಧಿಕಾರದಲ್ಲಿರುವವರು ಸುಲಭವಾಗಿ ಬೆನ್ನು ತಿರುಗಿಸಲಾರರು.

ಆದ್ದರಿಂದ ಬರೆಯಲು ಕುಳಿತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಓದಿದವರು ಏನು ಮಾಡಬೇಕು? ನಮ್ಮ ಶಾಲೆಗಳಿಗೆ ಮುಖ್ಯವಾಗಿ ಎರಡು ಬಗೆಯ ಓದುಗರಿದ್ದಾರೆ. ಒಬ್ಬರು, ಮಗುವನ್ನು ಎಲ್ಲಿಗೆ ಸೇರಿಸಬೇಕೆಂದು ಯೋಚಿಸುತ್ತಿರುವ ಹೆತ್ತವರು. ಇನ್ನೊಬ್ಬರು, ಕಡತದ ಮೇಲೆ ಸಹಿ ಹಾಕುವ ಅಧಿಕಾರಿ. ಇವರಿಬ್ಬರಿಗೂ ಒಂದೇ ಬರಹ ಸಾಲದು.

ಹೆತ್ತವರ ಮನಸ್ಸಿನಲ್ಲಿರುವುದು ಮಗುವಿನ ಮುಂದಿನ ದಾರಿಯ ಚಿಂತೆ. ಭಾಷಾಭಿಮಾನದ ಕರೆ ಆ ಚಿಂತೆಯನ್ನು ನಿವಾರಿಸದು. ಕೇರಳದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೇ ಬರೆಯಬಹುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂಬ ವರ್ಗವನ್ನು ಗುರುತಿಸಿದೆ. ನಿಗದಿತ ಗಡಿ ತಾಲೂಕುಗಳವರು ಷರತ್ತುಗಳಿಗೆ ಒಳಪಟ್ಟು ಅದರಡಿ ಅರ್ಜಿ ಸಲ್ಲಿಸಬಹುದು. ಇವುಗಳ ಜೊತೆಗೆ ಶಾಲೆಯಲ್ಲಿ ಇಂಗ್ಲಿಷನ್ನು ಯಾರು ಕಲಿಸುತ್ತಾರೆ, ವಾಹನ ಎಲ್ಲಿಯವರೆಗೆ ಬರುತ್ತದೆ, ಹಿಂದಿನ ವರ್ಷಗಳಲ್ಲಿ ಇಲ್ಲಿಂದ ಹೊರಟ ಮಕ್ಕಳು ಈಗ ಏನು ಓದುತ್ತಿದ್ದಾರೆ ಎಂಬ ವಿವರಗಳಿರಲಿ. ಕೊರತೆಯಿದ್ದರೆ ಅದನ್ನೂ ಹೇಳಬೇಕು. ಬಣ್ಣ ಹಚ್ಚಿದ ಮಾತು ಶಾಲೆಗೆ ಬಂದ ಮೊದಲ ವಾರದಲ್ಲಿಯೇ ಬಯಲಾಗುತ್ತದೆ. ಆ ಮೇಲೆ ಸತ್ಯವನ್ನೂ ನಂಬುವವರಿರುವುದಿಲ್ಲ.

ಅಧಿಕಾರಿಗೆ ಬರೆಯುವ ಬರಹದ ಜೀವಾಳ ದಿನಾಂಕ ಮತ್ತು ಸಂಖ್ಯೆ. ಕನ್ನಡ ಬಾರದ ಅಧ್ಯಾಪಕರ ನೇಮಕ ಕಾಸರಗೋಡಿನಲ್ಲಿ ಮತ್ತೆ ಮತ್ತೆ ಎದುರಾದ ಸಮಸ್ಯೆ. ಅದನ್ನು ಅನ್ಯಾಯವೆಂದು ಕರೆದು ನಿಲ್ಲಿಸಿದರೆ ಸಾಲದು. ಯಾವ ವಿಷಯ, ಎಷ್ಟು ಮಕ್ಕಳು, ಯಾವ ದಿನದಿಂದ ಪಾಠ ಅರ್ಥವಾಗುತ್ತಿಲ್ಲ ಎಂದು ಬರೆಯಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ನೀಡುತ್ತದೆ. ಈ ಎರಡೂ ವಿಧಿಗಳು ಅಕ್ಕಲಕೋಟೆ, ಜತ್ತ, ತಾಳವಾಡಿ, ಮಡಕಶಿರಾಗಳಿಗೂ ಅನ್ವಯಿಸುತ್ತವೆ. ಅಂಕಿ ಅಂಶ ಬೇಕಾದರೆ ಮಾಹಿತಿ ಹಕ್ಕು ಕಾಯಿದೆಯಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಆದ್ದರಿಂದ ಮೇ ತಿಂಗಳಲ್ಲಿ ಬರೆಯುವವರು ಮಾರ್ಚ್‌ನಲ್ಲಿಯೇ ಅರ್ಜಿ ಹಾಕಿರಬೇಕು.

ಬರೆದುದು ಹರಡುವ ರೀತಿಯೂ ಅಷ್ಟೇ ಮುಖ್ಯ. ಶಾಲೆಯ ವಿಷಯವನ್ನು ಪೋಸ್ಟರ್ ಚಿತ್ರವಾಗಿ ಮಾಡಿ ವಾಟ್ಸಾಪ್ ಗುಂಪುಗಳಿಗೆ ಕಳುಹಿಸುವುದು ರೂಢಿ. ಸಂಜೆಯೊಳಗೆ ಅದು ನೂರು ಸಂದೇಶಗಳ ಅಡಿಯಲ್ಲಿ ಹೂತುಹೋಗುತ್ತದೆ. ಚಿತ್ರದೊಳಗಿನ ಅಕ್ಷರಗಳೂ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಅಕ್ಷರಗಳೂ ಹುಡುಕುವವರಿಗೆ ಸುಲಭವಾಗಿ ಸಿಗವು. ಯುನಿಕೋಡ್ ಕನ್ನಡದಲ್ಲಿ ಬೆರಳಚ್ಚಿಸಿ, ಶೀರ್ಷಿಕೆಯಲ್ಲಿಯೇ ಊರಿನ ಹೆಸರು, ಶಾಲೆಯ ಹೆಸರು, ತರಗತಿಯನ್ನು ನಮೂದಿಸಿದರೆ ಮುಂದಿನ ವರ್ಷವೂ ಯಾರಾದರೂ ಹುಡುಕಿದಾಗ ಅದು ದೊರೆಯುತ್ತದೆ. ಅದೇ ಬರಹದ ಸಾರಾಂಶವನ್ನು ಮಲಯಾಳದಲ್ಲಿಯೂ ಕೊಡುವುದು ಸೋಲಲ್ಲ. ನೆರೆಯವರಿಗೂ ಅಧಿಕಾರಿಗೂ ನಮ್ಮ ನಿಲುವು ಅರ್ಥವಾಗಲು ಅದು ನೆರವಾಗುತ್ತದೆ. ಫೋನಿನಲ್ಲಿ ಓದದ ಅಜ್ಜ ಅಜ್ಜಿಯರಿಗಾಗಿ ಒಂದು ಪುಟ ಮುದ್ರಿಸಿ ಹಾಲಿನ ಸೊಸೈಟಿಯಲ್ಲಿ, ವಾಚನಾಲಯದಲ್ಲಿ ಅಂಟಿಸಬಹುದು. ಮೊಮ್ಮಗುವಿನ ಶಾಲೆಯ ವಿಚಾರದಲ್ಲಿ ಅವರ ಮಾತಿಗೆ ಬೆಲೆಯಿದೆ.

ಮಕ್ಕಳ ಚಿತ್ರ ಮತ್ತು ಹೆಸರನ್ನು ಮನೆಯವರ ಒಪ್ಪಿಗೆಯಿಲ್ಲದೆ ಬಳಸಬಾರದು. ಶಾಲೆಗೆ ಒಳಿತಾಗಲೆಂಬ ಉದ್ದೇಶ ಅದಕ್ಕೆ ಪರವಾನಗಿಯಾಗದು.

ಈ ಕೆಲಸವನ್ನು ಮುಖ್ಯ ಶಿಕ್ಷಕರೊಬ್ಬರ ತಲೆಯ ಮೇಲೆ ಹೊರಿಸುವುದೂ ಸರಿಯಲ್ಲ. ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಬರೆಯುವವರೊಬ್ಬರು, ಅಂಕಿಗಳನ್ನು ಪರಿಶೀಲಿಸುವವರೊಬ್ಬರು, ಮನೆಮನೆಗೆ ತಲುಪಿಸುವವರು ನಾಲ್ವರು ಎಂದು ಈಗಲೇ ಗೊತ್ತುಮಾಡಬೇಕು. ಆರನೆಯ ದಿನ ಹಾಜರಿ ಪುಸ್ತಕದಲ್ಲಿ ಕಾಣುವ ಸಂಖ್ಯೆ, ಆ ಮೊದಲು ಎಷ್ಟು ಮನೆಗಳಲ್ಲಿ ನಮ್ಮ ಬರಹವನ್ನು ಓದಿ ನಂಬಿದರು ಎಂಬುದನ್ನೂ ಅವಲಂಬಿಸಿದೆ.