ಯಂತ್ರದ ದನಿಗೂ ಉಸಿರು ಬೇಕು

ಬೆಳೆ ವಿಮೆ ಬಗ್ಗೆ ಅವ್ವನ ಫೋನಿಗೆ ಕರೆ ಬಂತು. ಯಂತ್ರದ ದನಿ 482016 ಎಂಬ ಅರ್ಜಿ ಸಂಖ್ಯೆಯನ್ನು ‘ನಾಲ್ಕು ಲಕ್ಷದ ಎಂಬತ್ತೆರಡು ಸಾವಿರದ ಹದಿನಾರು’ ಎಂದು ಒಂದೇ ಉಸಿರಿಗೆ ಓದಿತು. ಅಷ್ಟು ದುಡ್ಡು ಬಂತೆಂದು ಅವ್ವ ಹಿಗ್ಗಿದಳು. ನಿಜ ಹೇಳುವಾಗ ನನಗೇ ಸಂಕಟವಾಯಿತು.

ಇದಕ್ಕೆ ಮದ್ದು ಹೊಸದೇನಲ್ಲ. ಯಂತ್ರ ಹೇಗೆ ಓದಬೇಕೆಂದು ಬರಹದೊಳಗೇ ತಿಳಿಸುವ ಟ್ಯಾಗ್‌ಗಳಿವೆ. ಎಸ್‌ಎಸ್‌ಎಂಎಲ್ ಎಂಬ ಈ ಪದ್ಧತಿಯನ್ನು ಡಬ್ಲ್ಯು3ಸಿ ಸಂಸ್ಥೆ 2004ರಲ್ಲೇ ಮಾನದಂಡವಾಗಿಸಿದೆ. ‘ಬ್ರೇಕ್’ ಹಾಕಿದರೆ ದನಿ ಅರೆಗಳಿಗೆ ನಿಲ್ಲುತ್ತದೆ. ‘ಪ್ರೊಸೋಡಿ’ಯಿಂದ ಮಾತಿನ ವೇಗ ತಗ್ಗಿಸಬಹುದು. ‘ಸೇ-ಆ್ಯಸ್’ನಿಂದ ಅಂಕಿಗಳನ್ನು ಬಿಡಿಬಿಡಿಯಾಗಿ ಓದಿಸಬಹುದು.

ಓದಲು ಬಾರದವರಿಗೆ ಇಂಥ ಕರೆಯೇ ಕಾಗದ. ದನಿ ಇಂಪಾಗಿದ್ದರೆ ಸಾಲದು, ತಿಳಿಯಬೇಕು. ಕರೆ ಕಳಿಸುವವರು ಮೊದಲು ಹಳ್ಳಿಯ ಹಿರಿಯರೊಬ್ಬರಿಗೆ ಅದನ್ನು ಕೇಳಿಸಲಿ. ‘ಏನು ತಿಳೀತು?’ ಎಂದು ಕೇಳಲಿ.