ಮೀನಿನ ರೋಗಕ್ಕೂ ನಮ್ಮೂರ ಡಾಕ್ಟರು ಬೇಕು



ಹಸು ಮೇವು ಬಿಟ್ಟರೆ ನೀವು ಪಶುವೈದ್ಯರನ್ನು ಕರೆಯುತ್ತೀರಿ. ರಾಗಿಗೆ ಬೆಂಕಿ ರೋಗ ತಗುಲಿದರೆ ಆ ತೆನೆಯನ್ನೇ ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತೀರಿ. ಆದರೆ ಕೆರೆಯಲ್ಲಿ ಸಾಕಿದ ಮೀನು ಮೈಯನ್ನು ದಡದ ಕಲ್ಲಿಗೆ ಉಜ್ಜತೊಡಗಿದರೆ, ಆಹಾರ ಬಿಟ್ಟು ಮೂಲೆಯಲ್ಲಿ ಗುಂಪುಗೂಡಿದರೆ ಯಾರನ್ನು ಕರೆಯುತ್ತೀರಿ? ಬಹುಮಟ್ಟಿಗೆ ಯಾರನ್ನೂ ಇಲ್ಲ. ಪಕ್ಕದ ಊರಿನ ಕೆರೆಗೆ ಏನು ಸುರಿದರೆಂದು ಕೇಳಿ ತಿಳಿದು, ಔಷಧದ ಅಂಗಡಿಯಿಂದ ಅದನ್ನೇ ತಂದು ಸುರಿಯುತ್ತೀರಿ. ಮೀನು ಉಳಿದರೆ ಔಷಧದ ಗುಣ, ಸತ್ತರೆ ನಮ್ಮ ಹಣೆಬರಹ ಎಂದು ಸುಮ್ಮನಾಗುತ್ತೇವೆ.

ಇದು ಹೀಗೆಯೇ ಮುಂದುವರಿಯಬಾರದು. ಇದಕ್ಕೆ ಪರಿಹಾರ ಇನ್ನೊಂದು ಹೊಸ ಔಷಧವಲ್ಲ. ಮೀನಿನ ಪರೋಪಜೀವಿಗಳನ್ನೂ ನೀರಿನ ರೋಗಗಳನ್ನೂ ವರ್ಷಾನುಗಟ್ಟಲೆ ಕೂತು ಅಭ್ಯಾಸ ಮಾಡುವ ಜನ ನಮ್ಮಲ್ಲಿ ಹೆಚ್ಚಬೇಕು. ಆ ಜನ ನಮ್ಮ ನಿಮ್ಮ ಮನೆಗಳಿಂದಲೇ ಬರಬೇಕು. ಪದವಿ ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಲೇಖನವನ್ನು ಅವರ ಕೈಗೂ ಕೊಡಿ.

ಒಂದು ಹೇನಿನ ಬದುಕು

ನಮ್ಮ ಗೆಂಡೆ ಮೀನುಗಳಿಗೆ, ಅದರಲ್ಲೂ ರೋಹುವಿಗೆ, ಹತ್ತುವ ಹೇನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಶಾಸ್ತ್ರೀಯ ಹೆಸರು ಆರ್ಗುಲಸ್. ಉದ್ದಿನ ಬೇಳೆಯಷ್ಟು ಅಗಲದ, ಚಪ್ಪಟೆಯಾದ ಈ ಜೀವಿ ಹೆಸರಿಗೆ ಹೇನಾದರೂ ನಿಜಕ್ಕೂ ಸೀಗಡಿ, ಏಡಿಗಳ ಬಳಗದ್ದು. ಎರಡು ಬಟ್ಟಲುಗಳಂಥ ಅಂಗಗಳಿಂದ ಮೀನಿನ ಮೈಗೆ ಅಂಟಿಕೊಂಡು ರಕ್ತ ಮತ್ತು ದೇಹದ ರಸ ಹೀರುತ್ತದೆ. ಅದು ಚುಚ್ಚಿದ ಗಾಯದ ಮೂಲಕ ಬೇರೆ ರೋಗಾಣುಗಳೂ ಒಳಹೋಗುತ್ತವೆ.

ಔಷಧ ಹಾಕಿದಾಗ ಹೇನು ಉದುರಿತೆಂದು ಸಂತೋಷಪಡುತ್ತೇವೆ. ಕೆಲವು ವಾರಗಳಲ್ಲಿ ಮತ್ತೆ ಹೇನು! ಔಷಧ ಕಲಬೆರಕೆ ಎಂದು ಅಂಗಡಿಯವನನ್ನು ಬೈಯುತ್ತೇವೆ. ಆದರೆ ಕಾರಣ ಬೇರೆ. ಹೆಣ್ಣು ಹೇನು ಮೊಟ್ಟೆಯಿಡುವುದು ಮೀನಿನ ಮೇಲಲ್ಲ. ಅದು ಮೀನನ್ನು ಬಿಟ್ಟು ಈಜಿ ಹೋಗಿ ಕಲ್ಲು, ಕಟ್ಟಿಗೆ, ನೀರಿನ ಗಿಡಗಳ ಕಾಂಡಗಳ ಮೇಲೆ ಸಾಲುಸಾಲಾಗಿ ಮೊಟ್ಟೆಗಳನ್ನು ಅಂಟಿಸುತ್ತದೆ. ಗಟ್ಟಿ ಹೊದಿಕೆಯ ಆ ಮೊಟ್ಟೆಗಳನ್ನು ಔಷಧ ಸುಲಭವಾಗಿ ಮುಟ್ಟಲಾರದು. ನೀರಿನ ಶಾಖಕ್ಕೆ ತಕ್ಕಂತೆ ಅವು ಬೇಗನೆಯೋ ತಡವಾಗಿಯೋ ಒಡೆದು ಮರಿಗಳು ಮತ್ತೆ ಮೀನನ್ನು ಹುಡುಕಿ ಹೊರಡುತ್ತವೆ.

ಈ ಗುಟ್ಟು ತಿಳಿದವರು ಒಂದು ಸುಲಭ ಉಪಾಯ ಕಂಡುಕೊಂಡಿದ್ದಾರೆ. ಕೆರೆಯಲ್ಲಿ ಅಲ್ಲಲ್ಲಿ ಬಿದಿರಿನ ಗಳ ಅಥವಾ ಹಲಗೆಗಳನ್ನು ನೆಟ್ಟು, ಹೇನು ಅವುಗಳ ಮೇಲೆ ಮೊಟ್ಟೆಯಿಟ್ಟ ಮೇಲೆ ಹೊರತೆಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ನೆಡುವುದು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಆದರೆ ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು? ಮೈಸೂರಿನ ಚಳಿಗಾಲಕ್ಕೂ ರಾಯಚೂರಿನ ಬೇಸಿಗೆಗೂ ಲೆಕ್ಕ ಒಂದೇ ಆಗಲಾರದು. ತಡಮಾಡಿದರೆ ಮೊಟ್ಟೆಗಳು ನೀರಿನಲ್ಲೇ ಒಡೆದು, ನಾವೇ ಹೇನಿಗೆ ತೊಟ್ಟಿಲು ಕಟ್ಟಿಕೊಟ್ಟಂತಾಗುತ್ತದೆ. ಚಳಿ ದೇಶದ ಪುಸ್ತಕ ನೋಡಿ ಈ ಲೆಕ್ಕ ಹೇಳಲು ಬಾರದು. ಯಾರಾದರೂ ನಮ್ಮ ಕೆರೆಯ ದಂಡೆಯಲ್ಲೇ ಕುಳಿತು ಹನ್ನೆರಡು ತಿಂಗಳೂ ಎಣಿಸಬೇಕು. ಡಾಕ್ಟರೇಟ್ ಸಂಶೋಧನೆ ಎಂದರೆ ಇಂಥ ಕೆಲಸ.

ಇನ್ನೊಂದು ಮಾತು. ಹೇನು ಸೀಗಡಿಯ ಬಳಗದ್ದಾದ್ದರಿಂದ ಅದನ್ನು ಕೊಲ್ಲುವ ಕೀಟನಾಶಕ, ನೀರಿನಲ್ಲಿರುವ ಅದೇ ಬಳಗದ ಇತರ ಸಣ್ಣ ಜೀವಿಗಳನ್ನೂ ಕೊಲ್ಲುತ್ತದೆ. ಆ ಸಣ್ಣ ಜೀವಿಗಳೇ ಕಾಟ್ಲಾ ಮೀನಿನ ಮುಖ್ಯ ಆಹಾರ. ರೋಹುವಿನ ಹೇನು ತೆಗೆಯಲು ಹೋಗಿ ಕಾಟ್ಲಾದ ಅನ್ನಕ್ಕೆ ವಿಷ ಹಾಕಿದಂತಾಯಿತು. ಒಂದೇ ವಿಷವನ್ನು ಮತ್ತೆ ಮತ್ತೆ ಹಾಕಿದರೆ ಕೀಟ ಅದಕ್ಕೆ ಒಗ್ಗಿಕೊಳ್ಳುವುದನ್ನು ಹತ್ತಿಯ ಕಾಯಿಕೊರಕದಲ್ಲಿ ನೀವು ಕಂಡಿದ್ದೀರಿ. ನೀರಿನಲ್ಲಿಯೂ ನಿಯಮ ಅದೇ.

ಕೊಕ್ಕರೆ, ಬಸವನಹುಳು, ಮೀನು

ಕೆಲವು ಪರೋಪಜೀವಿಗಳ ಸಂಸಾರ ಇದಕ್ಕಿಂತ ದೊಡ್ಡದು. ಮೀನಿನ ಚರ್ಮದ ಮೇಲೆ ಕಪ್ಪು ಚುಕ್ಕೆಗಳಂತೆ ಕಾಣುವ ರೋಗ ಒಂದುಂಟು. ಅದಕ್ಕೆ ಕಾರಣ ಒಂದು ಜಾತಿಯ ಚಪ್ಪಟೆ ಹುಳುವಿನ ಮರಿ. ಬೆಳೆದ ಹುಳು ವಾಸಿಸುವುದು ಮೀನು ತಿನ್ನುವ ಹಕ್ಕಿಯ ಕರುಳಿನಲ್ಲಿ. ಹಕ್ಕಿಯ ಹಿಕ್ಕೆಯೊಡನೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಅವುಗಳಿಂದ ಹೊರಟ ಮರಿ ಮೊದಲು ಬಸವನಹುಳುವಿನೊಳಗೆ ಸೇರಿ ಅಲ್ಲಿ ನೂರಾರಾಗಿ ಹೆಚ್ಚುತ್ತದೆ. ಅಲ್ಲಿಂದ ಹೊರಬಂದು ಮೀನಿನ ಚರ್ಮ ಹೊಕ್ಕು ಗಂಟು ಕಟ್ಟುತ್ತದೆ. ಆ ಮೀನನ್ನು ಹಕ್ಕಿ ತಿಂದರೆ ಸುತ್ತು ಪೂರ್ತಿಯಾಯಿತು.

ಕುರಿ ಸಾಕುವವರಿಗೆ ಇದು ಹೊಸದಲ್ಲ. ಕುರಿಯ ಪಿತ್ತಜನಕಾಂಗದ ಚಪ್ಪಟೆ ಹುಳುವೂ ಬಸವನಹುಳುವಿನ ಮೂಲಕವೇ ಬರುವುದು. ಇಂಥಲ್ಲಿ ಮೀನಿಗೆ ಔಷಧ ಹಾಕಿ ಫಲವೇನು? ಹಕ್ಕಿಯನ್ನು ಓಡಿಸಬೇಕೆ, ಬಸವನಹುಳುವನ್ನು ಕಡಿಮೆ ಮಾಡಬೇಕೆ, ಅವು ಅಂಟಿಕೊಳ್ಳುವ ಕಳೆಯನ್ನು ತೆಗೆಯಬೇಕೆ, ಸರಪಳಿಯ ಯಾವ ಕೊಂಡಿ ಮುರಿಯುವುದು ಅಗ್ಗ? ಹೀಗೆ ರೋಗವನ್ನು ಮೀನಿನಲ್ಲಿ ಮಾತ್ರ ನೋಡದೆ ಇಡೀ ಕೆರೆಯಲ್ಲಿ ನೋಡುವ ಶಾಸ್ತ್ರಕ್ಕೆ ಪರೋಪಜೀವಿಗಳ ಪರಿಸರ ವಿಜ್ಞಾನ ಎನ್ನುತ್ತಾರೆ.

ಹೆಸರೊಂದು, ರೋಗವೆರಡು

ಗೆಂಡೆ ಮೀನಿಗೆ ಬಿಳಿಚುಕ್ಕೆ ರೋಗ ಬರುತ್ತದೆ, ಸೀಗಡಿಗೂ ಬಿಳಿಚುಕ್ಕೆ ರೋಗ ಬರುತ್ತದೆ. ಹೆಸರು ಒಂದೇ, ರೋಗ ಬೇರೆ ಬೇರೆ. ಮೀನಿನದು ಸೂಕ್ಷ್ಮದರ್ಶಕದಲ್ಲಿ ಕಾಣುವ ಏಕಕೋಶ ಜೀವಿಯಿಂದ, ಸೀಗಡಿಯದು ವೈರಸ್ಸಿನಿಂದ. ಮೊದಲನೆಯದಕ್ಕೆ ಚಿಕಿತ್ಸೆ ಉಂಟು. ಆದರೆ ರೋಗಜೀವಿ ಚರ್ಮದಡಿ ಅಡಗಿರುವಾಗ ಔಷಧ ತಾಗದು. ಮೀನನ್ನು ಬಿಟ್ಟು ನೀರಿನಲ್ಲಿ ಈಜುವಾಗ ಮಾತ್ರ ಅದನ್ನು ಹಿಡಿಯಬಹುದು. ಎರಡನೆಯದಕ್ಕೆ ರೋಗ ಬಂದ ಮೇಲೆ ಮದ್ದಿಲ್ಲ. ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ.

ಹಾಗೆಯೇ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದು ಕಿವಿರಿನ ಹುಳುವಿನಿಂದಲೂ ಇರಬಹುದು, ರೋಗವೇ ಇಲ್ಲದೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾದುದರಿಂದಲೂ ಇರಬಹುದು. ಆಮ್ಲಜನಕವಿಲ್ಲದ ನೀರಿಗೆ ಕೀಟನಾಶಕ ಸುರಿದರೆ ಉಳಿಯಬಹುದಾಗಿದ್ದ ಮೀನೂ ಸಾಯುತ್ತದೆ. ರೋಗ ಗುರುತಿಸುವ ಕಣ್ಣು ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಿಂದೆ ಕಲಿತ ಪಾಠ

1988ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಮತ್ತು ಬಂಗಾಳದಲ್ಲಿ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳೆದ್ದು ರಾಶಿರಾಶಿಯಾಗಿ ಸಾಯತೊಡಗಿದವು. ಕೊರವದಂಥ ಗಟ್ಟಿ ಮೀನುಗಳೂ ಉಳಿಯಲಿಲ್ಲ. ಮುಂದೆ ಈ ರೋಗ ದೇಶದ ಇತರ ಭಾಗಗಳಿಗೂ ಹರಡಿತು. ಜನ ಹೆದರಿ ಮೀನು ತಿನ್ನುವುದನ್ನೇ ಬಿಟ್ಟರು. ರೋಗ ಮುಟ್ಟದ ಮೀನಿಗೂ ಗಿರಾಕಿ ಇಲ್ಲವಾಯಿತು. ವೈರಸ್ಸೋ ಬ್ಯಾಕ್ಟೀರಿಯವೋ ಕ್ರಿಮಿನಾಶಕದ ವಿಷವೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಬೂಷ್ಟಿನಂಥ ಅಫನೋಮೈಸಿಸ್ ಎಂಬ ಜೀವಿಯೇ ಮೂಲವೆಂದು ವಿಜ್ಞಾನಿಗಳು ಒಪ್ಪಿದ್ದು 1990ರ ದಶಕದಲ್ಲಿ. ಜಪಾನಿನಲ್ಲಿ ಈ ರೋಗ 1971ರಲ್ಲೇ ಕಾಣಿಸಿಕೊಂಡಿತ್ತು. ನಮ್ಮಲ್ಲಿ ರೋಗವನ್ನು ಬಲ್ಲ ಕಣ್ಣುಗಳು ಮೊದಲೇ ಸಾಕಷ್ಟು ಇದ್ದಿದ್ದರೆ ಅಷ್ಟು ಗಾಬರಿ ಇರುತ್ತಿರಲಿಲ್ಲ.

1994ರ ಸುಮಾರಿಗೆ ಸೀಗಡಿಯ ಬಿಳಿಚುಕ್ಕೆ ವೈರಸ್ ನಮ್ಮ ದೇಶಕ್ಕೆ ಬಂದಿತು. ಸಾಲ ಮಾಡಿ ಕೊಳ ತೋಡಿದವರು ಕರಾವಳಿಯುದ್ದಕ್ಕೂ ನಷ್ಟಕ್ಕೆ ಒಳಗಾದರು. ಆಗ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಡಾ. ಇಡ್ಯ ಕರುಣಾಸಾಗರ್ ಮತ್ತು ಡಾ. ಇಂದ್ರಾಣಿ ಕರುಣಾಸಾಗರ್ ಅವರು ತಮ್ಮ ವಿದ್ಯಾರ್ಥಿಗಳೊಡನೆ ಪಶ್ಚಿಮ ಕರಾವಳಿಯಲ್ಲಿ ಈ ರೋಗದ ಅಭ್ಯಾಸ ನಡೆಸಿದರು. ಪಿ.ಸಿ.ಆರ್. ಪರೀಕ್ಷೆಯಿಂದ ಮರಿಗಳಲ್ಲಿ ವೈರಸ್ ಇದೆಯೇ ಎಂದು ಕೊಳಕ್ಕೆ ಬಿಡುವ ಮೊದಲೇ ನೋಡುವ ಪದ್ಧತಿ ರೂಢಿಗೆ ಬಂದಿತು. ಪ್ರಯೋಗಶಾಲೆಯ ಕೆಲಸ ಕೊಳದ ದಂಡೆಗೆ ಬಂದುದಕ್ಕೆ ಇದು ನಮ್ಮ ನಾಡಿನದೇ ಉದಾಹರಣೆ.

ಮರಿಗಳೊಡನೆ ರೋಗ ಪಯಣಿಸುವುದು ಎಲ್ಲ ದೇಶಗಳಲ್ಲೂ ಉಂಟು. ನಾರ್ವೆಗೆ 1970ರ ದಶಕದಲ್ಲಿ ಸ್ವೀಡನ್ನಿನಿಂದ ತಂದ ಸಾಲ್ಮನ್ ಮರಿಗಳೊಡನೆ ಅರ್ಧ ಮಿಲಿಮೀಟರಿನಷ್ಟು ಸಣ್ಣ ಹುಳುವೊಂದು ಬಂದಿತು. ಬಾಲ್ಟಿಕ್ ಸಮುದ್ರದ ಕಡೆಯ ಮೀನು ಅದನ್ನು ತಾಳಿಕೊಂಡಿತ್ತು; ನಾರ್ವೆಯ ಮೀನು ತಾಳಲಿಲ್ಲ. ಹುಳುವನ್ನು ಅಳಿಸಲು ಹಲವು ನದಿಗಳಿಗೆ ಸರ್ಕಾರವೇ ವಿಷ ಹಾಕಿ ಇದ್ದಬದ್ದ ಮೀನುಗಳನ್ನೆಲ್ಲ ಕೊಲ್ಲಬೇಕಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಪರೀಕ್ಷೆಯಿಲ್ಲದ ಮರಿಗಳನ್ನು ಹೊರರಾಜ್ಯದಿಂದ ಅಗ್ಗಕ್ಕೆ ತರುವವರು ಇದನ್ನು ನೆನಪಿಡಬೇಕು.

ದಾರಿ ಯಾವುದು?

ದೇಶದ ಮೊದಲ ಮೀನುಗಾರಿಕೆ ಕಾಲೇಜು ಸ್ಥಾಪನೆಯಾದದ್ದು ಮಂಗಳೂರಿನಲ್ಲಿ, 1969ರಲ್ಲಿ. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪಿ.ಯು.ಸಿ. ವಿಜ್ಞಾನ ಓದಿದವರು ಸಿ.ಇ.ಟಿ. ಮೂಲಕ ಬಿ.ಎಫ್.ಎಸ್‌ಸಿ. ಸೇರಬಹುದು. ಕೃಷಿಕರ ಮಕ್ಕಳಿಗೆಂದು ಇಲ್ಲಿ ಸೀಟುಗಳನ್ನು ಮೀಸಲಿಟ್ಟಿದ್ದಾರೆ. ಎಷ್ಟೋ ಮಂದಿ ತಂದೆತಾಯಿಗಳ ಲಕ್ಷ್ಯಕ್ಕೆ ಇದು ಬಂದೇ ಇಲ್ಲ. ಪದವಿಗೆ ನಾಲ್ಕು ವರ್ಷ, ಸ್ನಾತಕೋತ್ತರಕ್ಕೆ ಎರಡು ವರ್ಷ, ಡಾಕ್ಟರೇಟಿಗೆ ಕಡಿಮೆಯೆಂದರೆ ಮೂರು ವರ್ಷ. ಜಲಚರಗಳ ಆರೋಗ್ಯ ನಿರ್ವಹಣೆ ಎಂಬುದೇ ಒಂದು ಪ್ರತ್ಯೇಕ ವಿಷಯ. ಮುಂಬಯಿಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲೂ ಡಾಕ್ಟರೇಟ್ ಮಾಡಬಹುದು. ಭುವನೇಶ್ವರದ ಸಿಹಿನೀರಿನ ಮೀನು ಸಾಕಣೆ ಸಂಸ್ಥೆ, ಚೆನ್ನೈನ ಉಪ್ಪುನೀರಿನ ಮೀನು ಸಾಕಣೆ ಸಂಸ್ಥೆಗಳಲ್ಲಿ ರೋಗಗಳ ಬಗ್ಗೆ ಸಂಶೋಧನೆ ನಡೆಯುತ್ತದೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವರೂ ಈ ದಾರಿಗೆ ಬರಬಹುದು.

ಖರ್ಚಿನ ಚಿಂತೆ ಸಹಜ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪರೀಕ್ಷೆಯಲ್ಲಿ ಉತ್ತಮ ಸ್ಥಾನ ಪಡೆದವರಿಗೆ ಶಿಷ್ಯವೇತನ ಉಂಟು. ಜೀವವಿಜ್ಞಾನದಲ್ಲಿ ಸಿ.ಎಸ್.ಐ.ಆರ್. ಪರೀಕ್ಷೆಯ ಮೂಲಕ ಆಯ್ಕೆಯಾದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ.

ಒಂದು ಆಕ್ಷೇಪಣೆ

‘ಹುಳ ಎಣಿಸಿ ಡಾಕ್ಟರಾದರೆ ಹೊಟ್ಟೆ ತುಂಬುತ್ತದೆಯೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡಾಕ್ಟರೇಟ್ ಮುಗಿದ ಮರುದಿನವೇ ನೌಕರಿ ಕಾದಿರುತ್ತದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸರ್ಕಾರಿ ಹುದ್ದೆಗಳು ಕಡಿಮೆ. ಸಂಶೋಧನೆಯ ಮೂರು ವರ್ಷ ನಾಲ್ಕೈದಕ್ಕೆ ಎಳೆಯುವುದೂ ಉಂಟು. ಆದರೆ ಮರಿ ಉತ್ಪಾದನಾ ಕೇಂದ್ರಗಳು, ಆಹಾರ ತಯಾರಿಸುವ ಕಾರ್ಖಾನೆಗಳು, ರಫ್ತಿಗೆ ಮುನ್ನ ಮೀನು ಪರೀಕ್ಷಿಸುವ ಪ್ರಯೋಗಶಾಲೆಗಳು, ಇವೆಲ್ಲಕ್ಕೂ ರೋಗ ಬಲ್ಲವರು ಬೇಕು. ಸ್ವಂತ ಊರಿನಲ್ಲೇ ಮೀನು ರೋಗ ತಪಾಸಣೆಯ ಕೇಂದ್ರ ತೆರೆಯುವ ಧೈರ್ಯ ಮಾಡುವವರಿಗೂ ಕೆಲಸಕ್ಕೆ ಕೊರತೆಯಿಲ್ಲ. ಕೇಂದ್ರ ಸರ್ಕಾರ 2013ರಲ್ಲಿ ಜಲಚರಗಳ ರೋಗ ಕಣ್ಗಾವಲು ಕಾರ್ಯಕ್ರಮ ಆರಂಭಿಸಿತು. 2023ರಲ್ಲಿ ರೈತರು ಮೊಬೈಲಿನಿಂದಲೇ ಮೀನಿನ ರೋಗ ವರದಿ ಮಾಡುವ ಏರ್ಪಾಟೂ ಬಂದಿತು. ವರದಿ ಬಂದರೆ ಸಾಲದು. ಅದನ್ನು ಓದಿ ಕೆರೆಗೆ ಬಂದು ನೋಡುವವರು ಬೇಕಲ್ಲವೇ?

ಇನ್ನೊಂದು ಆಕ್ಷೇಪಣೆ ವಿಶ್ವವಿದ್ಯಾನಿಲಯಗಳ ಮೇಲಿನದು, ಅದು ಹೆಚ್ಚು ಕಟುವಾದದ್ದು. ಪ್ರಬಂಧಗಳು ಕಪಾಟಿನಲ್ಲಿ ದೂಳು ತಿನ್ನುತ್ತವೆ, ರೈತನಿಗೆ ತಲುಪುವುದಿಲ್ಲ ಎಂಬ ಮಾತು. ಇದರಲ್ಲಿ ಸತ್ಯವಿದೆ. ಮಾರುಕಟ್ಟೆಯಿಂದ ಮೀನು ಕೊಂಡು ತಂದು ಕೊಯ್ದು, ಯಾವ ಹುಳು ಎಷ್ಟು ಸಿಕ್ಕಿತೆಂದು ಪಟ್ಟಿ ಮಾಡಿದರೆ ಪದವಿ ಸಿಗಬಹುದು. ಆದರೆ ಹುಳು ಏಕೆ ಬಂತು, ಯಾವಾಗ ಹೆಚ್ಚಿತು, ಎಷ್ಟಾದರೆ ಇಳುವರಿ ಇಳಿಯುತ್ತದೆ ಎಂಬುದು ಪಟ್ಟಿಯಿಂದ ತಿಳಿಯದು. ಅದಕ್ಕೆ ಒಂದೇ ಕೆರೆಯನ್ನು ಮಳೆ, ಚಳಿ, ಬೇಸಿಗೆಗಳಲ್ಲಿ ಬಿಡದೆ ನೋಡಬೇಕು. ಸಂಶೋಧನೆಯ ವಿಷಯ ಗ್ರಂಥಾಲಯದಲ್ಲಿ ಹುಟ್ಟದೆ ಕೆರೆಯ ಏರಿಯ ಮೇಲೆ ಹುಟ್ಟಲಿ. ಪ್ರತಿ ಪ್ರಬಂಧದೊಡನೆ ಅದರ ಫಲವನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು ಆ ಕೆರೆಯ ರೈತರಿಗೆ ಕೊಡುವುದು ಕಡ್ಡಾಯವಾಗಲಿ. ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲೇ ಇದನ್ನು ಬರೆಯುತ್ತಿರುವುದು ಉದ್ದೇಶಪೂರ್ವಕವಾಗಿಯೇ.

ರೈತರ ಪಾಲು

ಕೆಲಸವೆಲ್ಲ ವಿಜ್ಞಾನಿಗಳದ್ದೇ ಅಲ್ಲ. ನಿಮ್ಮಿಂದ ಆಗಬೇಕಾದದ್ದು ನಾಲ್ಕು.

ಒಂದು, ಕೆರೆಗೊಂದು ಪುಸ್ತಕ ಇಡಿ. ಮರಿ ಬಿಟ್ಟ ದಿನ, ತಂದ ಸ್ಥಳ, ಹಾಕಿದ ಆಹಾರ, ಸುಣ್ಣ, ಔಷಧ, ಸತ್ತ ಮೀನುಗಳ ಸಂಖ್ಯೆ, ಎಲ್ಲವನ್ನೂ ತಾರೀಖಿನೊಡನೆ ಬರೆಯಿರಿ. ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ.

ಎರಡು, ರೋಗ ಕಂಡಾಗ ಏನನ್ನೂ ಸುರಿಯುವ ಮೊದಲು ಐದಾರು ರೋಗಪೀಡಿತ ಮೀನುಗಳನ್ನು ಜೀವಂತವಾಗಿ, ಆಮ್ಲಜನಕ ತುಂಬಿದ ಚೀಲದಲ್ಲಿ, ಹತ್ತಿರದ ಮೀನುಗಾರಿಕೆ ಕಚೇರಿಗೋ ಸಂಶೋಧನಾ ಕೇಂದ್ರಕ್ಕೋ ಮುಟ್ಟಿಸಿ. ಒಂದು ಬಾಟಲಿ ನೀರೂ ಜೊತೆಗಿರಲಿ. ಸತ್ತು ಕೊಳೆತ ಮೀನು ಪರೀಕ್ಷೆಗೆ ಬಾರದು. ಮೈಮೇಲಿನ ಹುಳುಗಳು ಆಗಲೇ ಬಿಟ್ಟುಹೋಗಿರುತ್ತವೆ.

ಮೂರು, ವಿದ್ಯಾರ್ಥಿ ಬಂದು ಬಲೆ ಬೀಸಲು ಅನುಮತಿ ಕೇಳಿದರೆ ಇಲ್ಲವೆನ್ನಬೇಡಿ. ಆತ ಒಯ್ಯುವ ಹತ್ತು ಮೀನುಗಳ ಬೆಲೆ ಒಂದು ಸಲ ತಪ್ಪು ಔಷಧ ತರುವ ಖರ್ಚಿಗಿಂತ ಕಡಿಮೆ. ಆದರೆ ಫಲಿತಾಂಶ ಹೇಳಿಹೋಗಬೇಕೆಂದು ಮೊದಲೇ ಮಾತು ತೆಗೆದುಕೊಳ್ಳಿ. ಅದು ನಿಮ್ಮ ಹಕ್ಕು.

ನಾಲ್ಕು, ಮಗಳು ಮೀನಿನ ಹುಳುಗಳ ಬಗ್ಗೆ ಓದುತ್ತೇನೆಂದರೆ ನಗಬೇಡಿ. ರೇಷ್ಮೆಹುಳುವಿನ ರೋಗಗಳನ್ನು ಅಭ್ಯಾಸ ಮಾಡಿದವರು ಇಲ್ಲದಿದ್ದರೆ ನಮ್ಮ ರೇಷ್ಮೆ ಇಷ್ಟು ದಿನ ಉಳಿಯುತ್ತಿತ್ತೇ?

ಕೆರೆಗಳು, ಕೃಷಿ ಹೊಂಡಗಳು, ಜಲಾಶಯಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಮರಿ ಬಿಡುವವರೂ ಹೆಚ್ಚುತ್ತಿದ್ದಾರೆ. ಮರಿಗಳನ್ನು ದಟ್ಟವಾಗಿ ಬಿಟ್ಟಷ್ಟೂ ರೋಗಕ್ಕೆ ಹಾದಿ ಸುಗಮವಾಗುತ್ತದೆ. ಮುಂದಿನ ರೋಗ ಬಂದಾಗ ಕೆರೆಯ ಏರಿಯ ಮೇಲೆ ಔಷಧದ ಡಬ್ಬಿ ಹಿಡಿದವನ ಜೊತೆಗೆ ಸೂಕ್ಷ್ಮದರ್ಶಕ ಹಿಡಿದವಳೂ ನಿಂತಿರಬೇಕಾದರೆ, ಆಕೆಯನ್ನು ಕಾಲೇಜಿಗೆ ಕಳಿಸುವ ಕಾಲ ಈಗಲೇ.