ಒಂದು ರೂಪಾಯಿ ಟಿಕೆಟ್ ಕೊಟ್ಟ ಡೆಕ್ಕನ್ ಎಲ್ಲಿ ಹೋಯ್ತು? ಸೂಪಾದಿಂದ ನೋಡಿದಾಗ

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯಲ್ಲೊಂದು ಆರತಕ್ಷತೆ ನಡೀತು. ಊಟ ಇತ್ತು, ನೆಂಟರಿದ್ದರು, ವೇದಿಕೆಯೂ ಇತ್ತು. ಮದುಮಕ್ಕಳು ಮಾತ್ರ ಇರಲಿಲ್ಲ. ಇಂಡಿಗೋ ವಿಮಾನಗಳು ಸಾಲು ಸಾಲಾಗಿ ರದ್ದಾಗಿ ಅವರು ಭುವನೇಶ್ವರದಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಕಡೆಗೆ ಅಲ್ಲಿಂದಲೇ ವಿಡಿಯೊದಲ್ಲಿ ಕೈಮುಗಿದರು. ಆ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ, ನೀವೂ ನಕ್ಕಿರ್ತೀರಿ. ನಾನೂ ನಕ್ಕೆ.

ಆಮೇಲೆ ಸ್ವಲ್ಪ ಯೋಚನೆ ಬಂತು. ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಜನ ಒಂದೇ ಕಂಪನಿಯ ವಿಮಾನ ಹತ್ತುತ್ತಾರೆ. ಪೈಲಟ್‌ಗಳ ವಿಶ್ರಾಂತಿ ಕುರಿತ ಹೊಸ ನಿಯಮಕ್ಕೆ ಆ ಕಂಪನಿ ತಯಾರಾಗಿರಲಿಲ್ಲ, ಹುಬ್ಬಳ್ಳಿಯ ಮದುವೆ ಕೆಟ್ಟಿತು. ಹಾಗಾದ್ರೆ ಹುಬ್ಬಳ್ಳಿಗೆ ವಿಮಾನ ತರ್ತೀನಿ ಅಂತ ಬಂದ ಇನ್ನೊಂದು ಕಂಪನಿ ಇತ್ತಲ್ಲ, ಅದೂ ನಮ್ಮದೇ ರಾಜ್ಯದ್ದು, ಅದು ಎಲ್ಲಿ ಹೋಯ್ತು?

ನಾನು ಸೂಪಾದವನು. ಸರ್ಕಾರಿ ಕಾಗದದಲ್ಲಿ ಈಗ ಜೋಯಿಡಾ ಅಂತಾರೆ. ಸೂಪಾ ಅನ್ನೋ ಊರು ಕಾಳಿ ನದಿಯ ಅಣೆಕಟ್ಟಿನ ನೀರಡಿಗಿದೆ. ಊರು ಮುಳುಗಿದ ಮೇಲೆ ನಮ್ಮ ಕಾಕಾ ಸಾಮಾನು ಕಟ್ಟಿಕೊಂಡು ರಾಮನಗರದ ಪುನರ್ವಸತಿ ಕಾಲನಿಗೆ ಬಂದ. 2006ರಲ್ಲಿ ಅವನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಏರ್ ಡೆಕ್ಕನ್‌ನಲ್ಲಿ ಹೋಗಿ ಬಂದ. ನಮ್ಮ ಮನೆತನದಲ್ಲೇ ಮೊದಲ ವಿಮಾನ ಪ್ರಯಾಣ ಅದು. ಟಿಕೆಟ್ಟಿನ ಮೇಲೆ ಸೀಟು ನಂಬರ್ ಇರಲಿಲ್ಲ, ಸಿಕ್ಕಲ್ಲಿ ಕೂರಬೇಕು. ಬಾಗಿಲು ತೆಗೆದ ಕೂಡಲೇ ಎಲ್ಲರೂ ಓಡಿದರಂತೆ. 'ನಮ್ಮ ದಾಂಡೇಲಿ ಬಸ್ಸಿದ್ದಂಗೇ ಐತಿ, ಕಿಟಕಿಯಿಂದ ಟವೆಲ್ ಹಾಕಾಕ ಬರೂದಿಲ್ಲ ಅಷ್ಟ' ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಹಾಗೆ ಹೇಳುವಾಗ ಅವನ ದನಿಯಲ್ಲಿ ತಮಾಷೆಗಿಂತ ಸಮಾಧಾನ ಜಾಸ್ತಿ ಇರ್ತಿತ್ತು. ವಿಮಾನವೂ ನಮ್ಮಂಥವರ ಬಸ್ಸೇ ಅಂತ ಅವನಿಗೆ ಅನಿಸಿತ್ತು.

ಕ್ಯಾಪ್ಟನ್ ಗೋಪಿನಾಥ್ ಅವರ ಕತೆಯನ್ನ ಇವತ್ತಿನ ಹುಡುಗರು ತಿಳಿದದ್ದು ಹೆಚ್ಚಾಗಿ ಸೂರ್ಯ ನಟಿಸಿದ 'ಸೂರರೈ ಪೋಟ್ರು' ಸಿನಿಮಾದಿಂದ. ಸಿನಿಮಾ ಗೆಲುವಿನ ಹತ್ತಿರ ನಿಂತುಬಿಡುತ್ತೆ. ನಾವು ಕಲಿಯಬೇಕಾದ್ದು ಅದರ ಆಚೆಗಿದೆ.

ಹಾಸನ ಜಿಲ್ಲೆಯ ಗೊರೂರಿನವರು, ಸೇನೆಯಲ್ಲಿದ್ದವರು, ಸೇನೆ ಬಿಟ್ಟು ಜಾವಗಲ್ ಹತ್ತಿರ ರೇಷ್ಮೆ ಕೃಷಿ ಮಾಡಿದವರು. 1997ರಲ್ಲಿ ಗೆಳೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ಜೊತೆ ಬೆಂಗಳೂರಿನ ಜಕ್ಕೂರಿನಲ್ಲಿ ಡೆಕ್ಕನ್ ಏವಿಯೇಷನ್ ಶುರುಮಾಡಿದಾಗ ಅದು ಬಾಡಿಗೆ ಹೆಲಿಕಾಪ್ಟರಿನ ಕಂಪನಿ. ಚುನಾವಣೆ ಬಂದರೆ ರಾಜಕಾರಣಿಗಳು, ಉಳಿದ ದಿನ ಸರ್ವೆ, ಪ್ರವಾಸ, ತುರ್ತು ಸಾಗಣೆ. ಕೆಲಸ ಸಣ್ಣದು, ವಿಶೇಷವಾದದ್ದು, ಮತ್ತು ಲೆಕ್ಕಕ್ಕೆ ಸಿಗುವಂಥದ್ದು. ಹೆಲಿಕಾಪ್ಟರ್ ಕೇಳಿದವನು ಹಾರಾಟದ ಪೂರ್ತಿ ಖರ್ಚು ಕೊಡ್ತಾನೆ, ಸೀಟು ಖಾಲಿ ಹೋಗೋ ಭಯ ಇಲ್ಲ.

2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಬಂತು. 48 ಸೀಟಿನ, ರೆಕ್ಕೆಗೆ ಪಂಖ ಇರುವ ಎಟಿಆರ್ ವಿಮಾನಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಈ ವಿಮಾನದ ಆಯ್ಕೆಯಲ್ಲೇ ಜಾಣತನ ಇತ್ತು. ಎಟಿಆರ್‌ಗೆ ಗಿಡ್ಡ ರನ್‌ವೇ ಸಾಕು. ಆಗ ಹುಬ್ಬಳ್ಳಿಯ ರನ್‌ವೇ ಗಿಡ್ಡದೇ, ದೊಡ್ಡ ಜೆಟ್‌ಗಳು ಇಳಿಯುವಂತಿರಲಿಲ್ಲ. ಗಂಟೆಯೊಳಗಿನ ದೂರಕ್ಕೆ ಅದು ಜೆಟ್‌ಗಿಂತ ಎಷ್ಟೋ ಕಡಿಮೆ ಇಂಧನ ಕುಡಿಯುತ್ತೆ. ಮೇಲಿಂದ ಸರ್ಕಾರದ ಎರಡು ರಿಯಾಯಿತಿ ಸಿಕ್ಕವು. 40 ಟನ್‌ಗಿಂತ ಹಗುರದ ವಿಮಾನಕ್ಕೆ ಹಾಕುವ ಇಂಧನದ ಮೇಲೆ ಮಾರಾಟ ತೆರಿಗೆ 4% ಮಾತ್ರ, ದೊಡ್ಡ ವಿಮಾನಕ್ಕೆ ಹಲವು ರಾಜ್ಯಗಳಲ್ಲಿ 25%ಗೂ ಮೇಲೆ. 80 ಸೀಟಿಗಿಂತ ಚಿಕ್ಕ ವಿಮಾನಕ್ಕೆ ಇಳಿಯುವ ಶುಲ್ಕವೂ ಇಲ್ಲ. ಊಟ ಇಲ್ಲ, ನೀರಿಗೂ ದುಡ್ಡು, ಟಿಕೆಟ್ ಇಂಟರ್‌ನೆಟ್‌ನಲ್ಲಿ. ಇಷ್ಟೆಲ್ಲ ಕೂಡಿದಾಗ ಹುಬ್ಬಳ್ಳಿ–ಬೆಂಗಳೂರು ಹಾರಾಟ ದಾನಧರ್ಮ ಆಗಿರಲಿಲ್ಲ, ನಿಲ್ಲಬಲ್ಲ ವ್ಯಾಪಾರ ಆಗಿತ್ತು. ಸೀಟು ತುಂಬಿದರೆ ಸಾಕು, ಹುಬ್ಬಳ್ಳಿಯಲ್ಲಿ ಸೀಟು ತುಂಬುತ್ತಿತ್ತು.

ಹಾಗಾಗಿ 'ಅಗ್ಗಕ್ಕೆ ಕೊಟ್ಟು ಮುಳುಗಿದ' ಅನ್ನೋ ಮಾತನ್ನ ನಾನು ಒಪ್ಪೋದಿಲ್ಲ. ಒಂದು ರೂಪಾಯಿ ಟಿಕೆಟ್ ಅಂದ್ರೆ ವಿಮಾನಕ್ಕೆಲ್ಲ ಒಂದು ರೂಪಾಯಿ ಅಲ್ಲ. ಬಹಳ ಮುಂಚೆ ಬುಕ್ ಮಾಡಿದ ಕೆಲವೇ ಸೀಟಿಗೆ ಆ ದರ, ತೆರಿಗೆ ಬೇರೆ. ಖಾಲಿ ಹೋಗುವ ಸೀಟಿನಿಂದ ಪ್ರಚಾರ ಸಂಪಾದಿಸುವ ಉಪಾಯ ಅದು. ಎಡವಟ್ಟಾದದ್ದು ಬೇರೆ ಕಡೆ.

2004ರಿಂದ ಕಂಪನಿ ಏರ್‌ಬಸ್ 320 ತರಿಸಲು ಶುರುಮಾಡಿತು. ದಿಲ್ಲಿ, ಮುಂಬೈ, ಬೆಂಗಳೂರು, ಅಂದ್ರೆ ಎಲ್ಲರೂ ಹಾರುವ ದಾರಿ. ಅಲ್ಲಿ 4% ತೆರಿಗೆಯ ಅನುಕೂಲ ಇಲ್ಲ. 2005, 2006ರಲ್ಲಿ ಸ್ಪೈಸ್‌ಜೆಟ್, ಕಿಂಗ್‌ಫಿಷರ್, ಗೋಏರ್, ಇಂಡಿಗೋ ಒಂದರ ಹಿಂದೊಂದು ಬಂದವು. ಡೆಕ್ಕನ್ 60ಕ್ಕೂ ಹೆಚ್ಚು ಊರುಗಳಿಗೆ ಹರಡಿತು. ಹೊಸ ವಿಮಾನಕ್ಕೆ ಮುಂಗಡ, ಪೈಲಟ್‌ಗಳ ಪೈಪೋಟಿ ಸಂಬಳ, ಬಿಡಿಭಾಗ, ಎಲ್ಲದಕ್ಕೂ ಸಾಲದ ಹಣ. 2006ರ ಮೇನಲ್ಲಿ ಷೇರು ಮಾರಾಟಕ್ಕೆ ಹೋದಾಗ ಮಾರುಕಟ್ಟೆ ಮೊದಲೇ ಕುಸಿದಿತ್ತು, ಕೊಟ್ಟ ಬೆಲೆಗಿಂತ ಕೆಳಗೇ ವಹಿವಾಟು ಶುರುವಾಯಿತು. ಸಣ್ಣ ಊರಲ್ಲಿ ತಾನೊಬ್ಬನೇ ಇದ್ದ ಅಂಗಡಿಯವನು ಪೇಟೆಯ ಮುಖ್ಯ ಬೀದಿಯಲ್ಲಿ ಬಡ್ಡಿ ಹಣದಲ್ಲಿ ನಾಲ್ಕಂತಸ್ತು ಕಟ್ಟಿದ ಹಾಗೆ. ಈ ತಪ್ಪು ಗೋಪಿನಾಥ್ ಅವರದ್ದೇ, ಅದನ್ನ ಸರ್ಕಾರದ ಮೇಲೆ ಹಾಕೋಕೆ ನಾನು ತಯಾರಿಲ್ಲ.

ಆದರೆ ಮುಂದೆ ನಡೆದದ್ದರಲ್ಲಿ ಸರ್ಕಾರದ ಕೈ ಇದೆ. ಆಗೊಂದು ನಿಯಮ ಇತ್ತು, 5/20 ಅಂತ. ಐದು ವರ್ಷ ದೇಶದೊಳಗೆ ಹಾರಿರಬೇಕು, ಇಪ್ಪತ್ತು ವಿಮಾನ ಇರಬೇಕು, ಆಗಷ್ಟೇ ವಿದೇಶಕ್ಕೆ ಹಾರಲು ಅನುಮತಿ. ವಿಜಯ್ ಮಲ್ಯರ ಕಿಂಗ್‌ಫಿಷರ್ ಹುಟ್ಟಿದ್ದು 2005ರ ಮೇನಲ್ಲಿ, ಅಂದ್ರೆ 2010ರ ತನಕ ಕಾಯಬೇಕು. ಡೆಕ್ಕನ್‌ಗೆ 2008ರ ಆಗಸ್ಟ್‌ಗೆ ಐದು ತುಂಬುತ್ತೆ. 2007ರಲ್ಲಿ ಮಲ್ಯರ ಯುಬಿ ಗುಂಪು ಡೆಕ್ಕನ್‌ನ 26% ಪಾಲನ್ನ ಸುಮಾರು 550 ಕೋಟಿ ರೂಪಾಯಿಗೆ ಕೊಂಡಿತು, ಆಮೇಲೆ ಇನ್ನಷ್ಟು. 2008ರಲ್ಲಿ ವಿಲೀನ. ವಿಲೀನದ ದಿಕ್ಕನ್ನ ಗಮನಿಸಿ: ಕಾಗದದ ಮೇಲೆ ಡೆಕ್ಕನ್ ಬಂದು ಕಿಂಗ್‌ಫಿಷರ್ ಒಳಗೆ ಸೇರಲಿಲ್ಲ, ಕಿಂಗ್‌ಫಿಷರ್ ಹೋಗಿ ಡೆಕ್ಕನ್ ಏವಿಯೇಷನ್ ಒಳಗೆ ಸೇರಿತು, ಆಮೇಲೆ ಡೆಕ್ಕನ್ನಿನ ಹೆಸರನ್ನೇ ಕಿಂಗ್‌ಫಿಷರ್ ಅಂತ ಬದಲಾಯಿಸಿದರು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ಕಿಂಗ್‌ಫಿಷರ್ ಹಾರಿತು. ಹುಬ್ಬಳ್ಳಿ, ವಿಜಯವಾಡದಂಥ ಊರಿನ ಜನ ಟಿಕೆಟ್ ಕೊಂಡು ತುಂಬಿಸಿದ ಐದು ವರ್ಷ ಅದು. ಮಾರಾಟವಾದದ್ದರಲ್ಲಿ ವಿಮಾನಕ್ಕಿಂತ ಬೆಲೆಬಾಳುವ ಸಾಮಾನು ಆ ವಯಸ್ಸೇ ಆಗಿತ್ತು ಅನ್ನೋದು ನನ್ನ ಓದು.

ಆರ್.ಕೆ. ಲಕ್ಷ್ಮಣ್ ಅವರ ಚೌಕುಳಿ ಕೋಟಿನ ಜನಸಾಮಾನ್ಯ ಡೆಕ್ಕನ್‌ನ ಗುರುತಾಗಿದ್ದ. ಅವನನ್ನ ಇಳಿಸಿ ಮಿಂಚುಳ್ಳಿ ಹಕ್ಕಿ ಹಾಕಿದರು. ಹೆಸರು ಮೊದಲು ಸಿಂಪ್ಲಿಫ್ಲೈ ಡೆಕ್ಕನ್, ಆಮೇಲೆ ಕಿಂಗ್‌ಫಿಷರ್ ರೆಡ್. ಅದೇ 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. 2011ರಲ್ಲಿ ರೆಡ್ ನಿಲ್ಲಿಸ್ತೀವಿ ಅಂದರು, ಅಗ್ಗದ ದರ ನಮಗೆ ಸರಿಹೋಗಲ್ಲ ಅಂತ. 2012ರ ಅಕ್ಟೋಬರ್‌ನಲ್ಲಿ ಇಡೀ ಕಂಪನಿಯೇ ನೆಲಕ್ಕೆ ನಿಂತಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಇರಲಿಲ್ಲ. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟದ್ದು ನಿಮಗೆ ಗೊತ್ತೇ ಇದೆ. ಬ್ಯಾಂಕುಗಳ ಬಾಕಿಯ ಸುದ್ದಿ ವರ್ಷಗಟ್ಟಲೆ ಓಡಿತು, ವಿಮಾನ ಕಳಕೊಂಡ ಊರುಗಳ ಸುದ್ದಿ ಯಾರೂ ಬರೀಲಿಲ್ಲ.

ಗೋಪಿನಾಥ್ ಮತ್ತೆ ಎರಡು ಸಲ ಪ್ರಯತ್ನಿಸಿದರು. 2009ರಲ್ಲಿ ಸರಕು ಸಾಗಣೆಯ ಡೆಕ್ಕನ್ 360, ಎರಡು ವರ್ಷಕ್ಕೇ ನಿಂತಿತು. 2017ರ ಡಿಸೆಂಬರ್‌ನಲ್ಲಿ ಏರ್ ಡೆಕ್ಕನ್ ಹೆಸರಲ್ಲೇ 19 ಸೀಟಿನ ವಿಮಾನಗಳು, ಉಡಾನ್ ಯೋಜನೆಯಡಿ. ಕೋವಿಡ್ ಬಂತು, 2020ರ ಏಪ್ರಿಲ್‌ನಲ್ಲಿ ನೌಕರರನ್ನ ಸಂಬಳವಿಲ್ಲದ ರಜೆಗೆ ಕಳಿಸಿ ನಿಲ್ಲಿಸಿದರು. ಅತ್ತ ಮೊದಲಿನ ಆ ಹೆಲಿಕಾಪ್ಟರ್ ಬಾಡಿಗೆ ವಿಭಾಗ ಇತ್ತಲ್ಲ, ವಿಲೀನದ ಹೊತ್ತಿಗೆ ಅದನ್ನ ಬೇರೆ ಮಾಡಿ ಇಟ್ಟುಕೊಂಡಿದ್ದರು. ಕಿಂಗ್‌ಫಿಷರ್ ಮುಳುಗುವಾಗ ಅದು ಮುಳುಗಲಿಲ್ಲ.

ಈಗಿನ ಉಡಾನ್‌ಗೆ ಬರೋಣ. 2016ರಲ್ಲಿ ಘೋಷಣೆ, 2017ರಲ್ಲಿ ಮೊದಲ ಹಾರಾಟ. ಶುರುವಿನಲ್ಲಿ ಗಂಟೆಯ ಪ್ರಯಾಣದ ಅರ್ಧದಷ್ಟು ಸೀಟಿಗೆ 2,500 ರೂಪಾಯಿಯ ಮಿತಿ ಇತ್ತು, ಕಂಪನಿಯ ನಷ್ಟವನ್ನ ಮೂರು ವರ್ಷ ಸರ್ಕಾರ ತುಂಬಿಕೊಡುತ್ತಿತ್ತು. ಕೇಳೋಕೆ ಡೆಕ್ಕನ್ನಿನ ಕನಸನ್ನೇ ಸರ್ಕಾರ ಎತ್ತಿಕೊಂಡ ಹಾಗಿದೆ. ಫಲ ಏನು? 2023ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿ ಹೇಳಿದ್ದು: ಮೂರನೇ ಸುತ್ತಿನ ತನಕ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ ಉಳಿದದ್ದು 54. ಅಂದ್ರೆ ನೂರಕ್ಕೆ ಏಳು.

ಬೀದರ್ ಇದಕ್ಕೆ ಒಳ್ಳೇ ಉದಾಹರಣೆ. 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಬಂತು, ಸಂಭ್ರಮ ಆಯ್ತು. 2022ರಲ್ಲಿ ಟ್ರೂಜೆಟ್ ಕಂಪನಿಯೇ ನಿಂತಿತು. ಆಮೇಲೆ ಇನ್ನೊಂದು ಕಂಪನಿ ಬಂತು, ಅದೂ ನಿಲ್ಲಿಸಿತು, ಮತ್ತೆ ಬಂತು. ನಮ್ಮ ಕಡೆ 2018ರಲ್ಲಿ ಹುಬ್ಬಳ್ಳಿಗೆ ಉಡಾನ್ ಸಿಕ್ಕಿತು, ಪಕ್ಕದ ಬೆಳಗಾವಿಯಿಂದ ಸ್ಪೈಸ್‌ಜೆಟ್ ಎದ್ದು ಹುಬ್ಬಳ್ಳಿಗೆ ಹೋಯ್ತು. ಒಂದೂರಿಗೆ ಬಂದದ್ದು ಇನ್ನೊಂದೂರಿನದ್ದೇ ವಿಮಾನ. ಬೆಳಗಾವಿಯವರು ತಮಗೂ ಉಡಾನ್ ಬೇಕು ಅಂತ ದನಿ ಎತ್ತಬೇಕಾಯ್ತು. ಸರ್ಕಾರ ಮಾರ್ಗಕ್ಕೆ ಹಣ ಕೊಡುತ್ತೆ, ಆ ಮಾರ್ಗದಲ್ಲೇ ಬಾಳಬೇಕಾದ ಕಂಪನಿ ಹೇಗೆ ಉಳಿಯುತ್ತೆ ಅಂತ ಯೋಚಿಸೋದಿಲ್ಲ. ಹಾಗಾಗಿ ಮೂರು ವರ್ಷ ಹಾರಿ ದೊಡ್ಡವರು ಬೇರೆ ಮಾರ್ಗ ನೋಡ್ಕೊಳ್ತಾರೆ, ಸಣ್ಣವರು ಬಾಗಿಲು ಹಾಕ್ತಾರೆ. 2025ರ ಬಜೆಟ್‌ನಲ್ಲಿ ಇನ್ನೂ 120 ಊರುಗಳಿಗೆ ಉಡಾನ್ ಅಂತ ಹೇಳಿದ್ದಾರೆ.

'ನಿಮ್ಮ ಜೋಯಿಡಾದಲ್ಲಿ ಮಳೆಗಾಲಕ್ಕೆ ರೋಗಿಯನ್ನ ಜೋಲಿಯಲ್ಲಿ ಹೊತ್ಕೊಂಡು ರಸ್ತೆಗೆ ತರ್ತೀರಿ, ವಿಮಾನದ ಚಿಂತೆ ಯಾಕೆ?' ಅಂತ ಒಬ್ಬ ಗೆಳೆಯ ಕೇಳಿದ. ನ್ಯಾಯದ ಪ್ರಶ್ನೆ. ನಮಗೆ ಮೊದಲು ಬೇಕಾದ್ದು ಕಾಲುಸಂಕದ ಜಾಗದಲ್ಲಿ ಸೇತುವೆ, ಆಮೇಲೆ ಫೋನಿನ ಸಿಗ್ನಲ್ಲು. ಆದರೆ ಅವನಿಗೆ ನಾನು ಕೆನಡಾದ ಒಂದು ಕತೆ ಹೇಳಿದೆ, ಯಾಕಂದ್ರೆ ಅದು ಸೂಪಾದ ಕತೆಯ ಇನ್ನೊಂದು ಮುಖ.

ಉತ್ತರ ಕ್ವಿಬೆಕ್‌ನಲ್ಲಿ 1970ರ ದಶಕದಲ್ಲಿ, ಅಂದ್ರೆ ಕಾಳಿ ಯೋಜನೆಯ ಕೆಲಸ ನಡೀತಿದ್ದ ಕಾಲದಲ್ಲೇ, ಸರ್ಕಾರಿ ಹೈಡ್ರೊ-ಕ್ವಿಬೆಕ್ ಕಂಪನಿ ಜೇಮ್ಸ್ ಬೇ ಕಡೆಯ ನದಿಗಳಿಗೆ ಅಣೆಕಟ್ಟು ಕಟ್ಟಲು ಹೊರಟಿತು. ಅಲ್ಲಿನ ಕ್ರೀ ಮತ್ತು ಇನುಯಿಟ್ ಜನ ಕೋರ್ಟಿಗೆ ಹೋದರು. ಕಡೆಗೆ 1975ರಲ್ಲಿ ಒಪ್ಪಂದ. ಇನುಯಿಟ್ ಜನ ತಮ್ಮ ಪಾಲಿನ ಪರಿಹಾರವನ್ನ ಮನೆಮನೆಗೆ ಹಂಚಿ ಮುಗಿಸಲಿಲ್ಲ. ಮಕಿವಿಕ್ ಅನ್ನೋ ತಮ್ಮದೇ ಸಂಸ್ಥೆಯಲ್ಲಿ ಇಟ್ಟರು. 1978ರಲ್ಲೇ ಏರ್ ಇನುಯಿಟ್ ಬಂತು. ಹಳ್ಳಿಗಳ ನಡುವೆ ರಸ್ತೆಯೇ ಇಲ್ಲದ ಸೀಮೆ, ಅಲ್ಲಿ ವಿಮಾನವೇ ಬಸ್ಸು, ಕಿರಾಣಿ ಗಾಡಿ, ಆಂಬುಲೆನ್ಸ್. 1990ರಲ್ಲಿ ಮಕಿವಿಕ್ ಫಸ್ಟ್ ಏರ್ ಅನ್ನೋ ದೊಡ್ಡ ಕಂಪನಿಯನ್ನೇ ಕೊಂಡಿತು. ಆ ಕಂಪನಿ ಏರಿತು, ಹೆಣಗಾಡಿತು, 2019ರಲ್ಲಿ ಇನ್ನೊಂದು ಇನುಯಿಟ್ ಒಡೆತನದ ಕನೇಡಿಯನ್ ನಾರ್ತ್ ಜೊತೆ ಸೇರಿ ಹೆಸರು ಕಳಕೊಂಡಿತು, 2025ರಲ್ಲಿ ಅದನ್ನೂ ಹೊರಗಿನ ಕಂಪನಿಗೆ ಮಾರಿದರು. ಅಲ್ಲೂ ಎಲ್ಲ ಸುಖ ಅಂತ ಹೇಳಲ್ಲ, ಟಿಕೆಟ್ ದರಕ್ಕೆ ಅಲ್ಲಿನ ಜನ ಬೈಯ್ತಾನೇ ಇರ್ತಾರೆ. ಆದರೆ ಏರ್ ಇನುಯಿಟ್ ಇವತ್ತಿಗೂ ಅವರದ್ದೇ. ಮಾರೋದೋ ಇಟ್ಟುಕೊಳ್ಳೋದೋ ಅನ್ನೋ ಮಾತು ನಡೆದಾಗ ಮೇಜಿನ ಒಂದು ಬದಿಗೆ ನೀರಡಿ ನೆಲ ಕೊಟ್ಟವರ ಪ್ರತಿನಿಧಿಗಳಿದ್ದರು.

ಕಾಳಿ ನೀರಿನಿಂದ ನಾಗಝರಿಯಲ್ಲಿ ಕರೆಂಟು ಹುಟ್ಟಿತು, ಕೊಡಸಳ್ಳಿ, ಕದ್ರಾದಲ್ಲೂ ಹುಟ್ಟಿತು. ನಮಗೆ ರಾಮನಗರದ ಸೈಟು ಸಿಕ್ಕಿತು. ಆ ನೀರಿನಿಂದ ವರ್ಷವರ್ಷ ಬರುವ ಆದಾಯದಲ್ಲಿ ತಾಲ್ಲೂಕಿಗೊಂದು ಪಾಲು, ಅದನ್ನ ನಾವೇ ನಡೆಸುವ ಒಂದು ಸಂಸ್ಥೆ, ಅನ್ನೋ ಮಾತನ್ನ ನಮ್ಮ ಕಡೆ ಯಾವ ಪಕ್ಷದ ಬಾಯಲ್ಲೂ ನಾನು ಕೇಳಿಲ್ಲ. ಅಂಥದ್ದೊಂದು ಇದ್ದಿದ್ದರೆ ಅದು ವಿಮಾನ ಕೊಳ್ಳಬೇಕಿರಲಿಲ್ಲ. ನಾಲ್ಕು ಜೀಪಿನ ಆಂಬುಲೆನ್ಸ್ ಇಟ್ಟಿದ್ದರೂ ಸಾಕಿತ್ತು.

ಇದನ್ನೆಲ್ಲ ಕಾಕಾನಿಗೆ ಫೋನಿನಲ್ಲಿ ಹೇಳಿದೆ. ಮದುಮಕ್ಕಳಿಲ್ಲದ ಆರತಕ್ಷತೆಯ ವಿಡಿಯೊ ಅವನೂ ನೋಡಿದ್ದ. ಮಕಿವಿಕ್ ಕತೆ ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, 'ಅವ್ರು ಕೋರ್ಟಿಗೆ ಹೋದದ್ದು ನೀರು ನಿಲ್ಲೂಕಿಂತ ಮೊದಲೊ, ಆಮ್ಯಾಲೊ?'

ಮೊದಲು ಅಂದೆ.